ಹಿಂದಿನ ಕೋಣೆಯ ಹುಳು

ಪಂಪಿನ ವೇಗದ ಗುಂಡಿಯನ್ನು ಮೂರರಿಂದ ಒಂದಕ್ಕೆ ತಿರುಗಿಸಿದ್ದನ್ನು ಯಾರಿಗೂ ಹೇಳಿಲ್ಲವಲ್ಲ ಎಂಬ ಸಣ್ಣ ಅಳುಕನ್ನು ಸಿಂಧು ಡೈರಿಯಲ್ಲಿ ಬರೆದಿಟ್ಟಳು. ಕೆಳಗೆ, ‘ಒಳ್ಳೆಯದೇ ಆಗುತ್ತೆ ಬಿಡು’ ಎಂದೂ ಸೇರಿಸಿದಳು. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಮನೆಗೆ ಬಂದವರ ಮುಂದೆ ನೀರಿನ ಲೋಟ ಇಟ್ಟು ಒಳಗೆ ಸರಿದುಬಿಡುವ ಹುಡುಗಿ. ಮಾತೆಲ್ಲ ಆ ಡೈರಿಯೊಳಗೇ.

ಯಳಂದೂರಿನ ಆಚೆ ಅವರದು ಚಾಕಿ ಮನೆ. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿ, ಎರಡು ಜ್ವರ ದಾಟಿಸಿ ರೈತರಿಗೆ ಕೊಡುವ ಕೆಲಸ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ಜ್ವರವೆನ್ನುತ್ತಾರೆ. ಎಲ್ಲವೂ ಒಟ್ಟಿಗೆ ಕೂರಬೇಕು. ಅದಕ್ಕೆ ಎಲ್ಲೆಡೆ ಒಂದೇ ಕಾವು ಬೇಕು. ಚಳಿಗಾಲಕ್ಕೆಂದು ಹಿತ್ತಲಲ್ಲಿ ಸೌದೆ ಬಾಯ್ಲರ್ ಇಟ್ಟು, ಬಿಸಿನೀರು ಪೈಪಿನಲ್ಲಿ ಮೊದಲು ಮುಂದಿನ, ಆಮೇಲೆ ಹಿಂದಿನ ಕೋಣೆಯ ಗೋಡೆ ಸುತ್ತಿ ಬರುವಂತೆ ಸಣ್ಣ ಪಂಪು ಕೂರಿಸಿದ್ದರು.

“ಹಿಂದ್ಲ ರೂಮ್ಗೆ ಅರ್ಧ ಇಂಚು ಪೈಪಾಗೋಯ್ತು, ಮುಕ್ಕಾಲಿಂಚು ಆಕ್ಬೇಕಿತ್ತು,” ಎಂದಿದ್ದ ಪ್ಲಂಬರ್ ಪುಟ್ಟಸಿದ್ದಯ್ಯ. “ನೀರು ತಿಣುಕ್ತದೆ. ಪಂಪು ಮೂರ್ರಲ್ಲೇ ಇರ್ಲಿ ಕಣ್ರವ್ವ.”

ಸಿಂಧು ವಾಪಸು ಬರುವ ಪೈಪು ಮುಟ್ಟಿ ನೋಡಿದ್ದಳು. ಇನ್ನೂ ಬಿಸಿಯಿತ್ತು. ನೀರು ಕಾವು ಕೊಡದೆ ಓಡಿಬರುತ್ತಿದೆ, ನಿಧಾನ ಮಾಡಿದರೆ ಹೆಚ್ಚು ಹೊತ್ತು ನಿಂತು ಕಾವು ಬಿಡುತ್ತದೆ ಎಂದಿತ್ತು ಅವಳ ಓದಿದ ಬುದ್ಧಿ.

ಮುಂದಿನ ಕೋಣೆ ಅವ್ವ ಚನ್ನಮಲ್ಲಮ್ಮನದು, ಥರ್ಮಾಮೀಟರೂ ಅಲ್ಲೇ. ಹಿಂದಿನದು ಅತ್ತಿಗೆ ಶಿವರಂಜನಿಯದು.

“ಯಾಕೋ ಥಂಡಿ ಕಣತ್ತೆ ಒಳಗೆ,” ಎಂದಳು ಅತ್ತಿಗೆ.

“ಧನುರ್ಮಾಸ್ದಲ್ಲಿ ಥಂಡಿ ಇರ್ದೆ ಸೆಕೆ ಇರ್ತದಾ? ಶಾಲು ಒದ್ಕೊ.”

ಏಳನೆಯ ದಿನ ಮುಂದಿನ ಕೋಣೆಯ ಹುಳು ಎರಡನೇ ಜ್ವರಕ್ಕೆ ಕೂತವು. ಹಿಂದಿನವುಗಳಲ್ಲಿ ಕೆಲವು ಕೂತವು, ಕೆಲವು ಇನ್ನೂ ಸೊಪ್ಪು ಮೇಯುತ್ತಿದ್ದವು, ಉಳಿದವು ಸಾಯತೊಡಗಿದವು. ಮರಿ ಒಯ್ಯಲು ಬಂಡಳ್ಳಿಯಿಂದ ಬಂದ ರೈತ ಚಿಕ್ಕಮಾದಪ್ಪ ಹಿಂದಿನ ಕೋಣೆಯ ಟ್ರೇ ಎತ್ತಿ ನೋಡಿದ.

“ಏನವ್ವಾ, ಅಜ್ಜನೂ ಮೊಮ್ಮಗನೂ ಒಂದೇ ತಟ್ಟೇಲಿ ಕುಂತವ್ರೆ? ನಂಗ್ಬ್ಯಾಡ,” ಎಂದು ಬರಿಗೈಯಲ್ಲೇ ಹೊರಟ.

ಸಿಂಧು ಓಡಿ ಹಿಂದಿನ ಕೋಣೆಯ ಕೊನೆಯ ಪೈಪು ಹಿಡಿದಳು. ತಣ್ಣಗಿತ್ತು. ಸಣ್ಣ ಪೈಪು, ತೆವಳುವ ನೀರು. ಕಾವೆಲ್ಲ ದಾರಿಯಲ್ಲೇ ಮುಗಿದಿತ್ತು. ಗುಂಡಿಯನ್ನು ಮೂರಕ್ಕೆ ತಿರುಗಿಸಿದಳು. ಗಂಟೆಯೊಳಗೆ ಪೈಪು ಬೆಚ್ಚಗಾಯಿತು. ನಡೆದದ್ದಕ್ಕೆ ಕುರುಹೇ ಉಳಿಯಲಿಲ್ಲ.

ಅಷ್ಟರಲ್ಲಿ ಅವ್ವ ಬೇರೆಯೇ ಕಾರಣ ಹಿಡಿದಿದ್ದಳು. ಲಿಂಗ ಕಟ್ಟಿದವರಿಗೆ ಮೈಲಿಗೆ ಎಂಥದು ಎನ್ನುವ ಅವ್ವ, ಮುಟ್ಟಾದವರನ್ನು ಹುಳುಮನೆಯ ಹೊಸಿಲು ಮಾತ್ರ ದಾಟಗೊಡಳು.

“ಹೊರಗಾಗಿ ಒಳಕ್ಕೋಗಿದ್ದೀಯಾ. ನನ್ ರೂಮ್ನವು ಸರ್ಯಾಗವೆ, ನಿನ್ವೇ ಯಾಕ್ ಸತ್ತೊ?”

“ಇಲ್ಲತ್ತೆ, ಇನ್ನೂ ಆರು ದಿನ ಅದೆ.”

“ಸುಳ್ಳು ಬ್ಯಾರೆ!”

ಅಣ್ಣ ಬಸವೇಶ ಹೆಂಡತಿಯ ಪರ ಬಾಯಿ ಬಿಡಲಿಲ್ಲ. ಸಿಂಧುವೂ ಬಿಡಲಿಲ್ಲ. ಸತ್ತ ಹುಳುವನ್ನು ಕುಣಿಗೆ ಸುರಿದು ಸುಣ್ಣ ಹಾಕಿದ್ದೂ ಅತ್ತಿಗೆಯೇ. ಜೀವವಿದ್ದಾಗ ಸವರುತ್ತಿದ್ದಷ್ಟೇ ಮೆಲ್ಲಗೆ, ಕೋಳಿಗರಿಯಿಂದ ಒಂದೊಂದು ಟ್ರೇಯನ್ನೂ ಸವರಿ ಸುರಿದಳು.

ಮಾರನೆಯ ಬೆಳಗ್ಗೆ ಅವಳು ಬ್ಯಾಗು ಹಿಡಿದು ಜಗುಲಿಗೆ ಬಂದಳು. ಮುಂದಿನ ಬೆಳೆ ಮುಗಿಯುವತನಕ ಹನೂರಿನ ತವರಲ್ಲಿರಲಿ ಎಂದಿದ್ದಳು ಅವ್ವ. ಬಸ್ಸಿಗೆ ಬಿಡಲು ಅಣ್ಣ ಬೈಕು ತೆಗೆದ.

“ನಾ ಹೊರಗಾಗಿರ್ನಿಲ್ಲ ಸಿಂಧು,” ಅತ್ತಿಗೆ ಮೆಲ್ಲಗೆ ಅಂದಳು. “ಆದ್ರೂ ಸತ್ತೋದೊ ಅಂದ್ರೆ, ನನ್ ಕೈಯೇ ಕೆಟ್ದು ಕಣೆ. ಇನ್ಮ್ಯಾಕೆ ಯಾವ್ ಮರೀನೂ ಮುಟ್ಟಕಿಲ್ಲ ನಾನು.”

ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು, ಅವು ಬೇರೆ ಯಾರವೋ ಎಂಬಂತೆ.

ಬೈಕು ಸ್ಟಾರ್ಟಾಯಿತು. ಸಿಂಧು ಅಂಗಳಕ್ಕಿಳಿದು ಅದರ ಮುಂದೆ ನಿಂತಳು. ಅವ್ವನ ಮುಖ ನೋಡಲಾಗಲಿಲ್ಲ.

“ಅತ್ತಿಗೆ ಕೈ ಕೆಟ್ಟಿಲ್ಲ,” ಎಂದಳು, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. “ಪಂಪು ಇಳ್ಸಿ ಹುಳ ಸಾಯ್ಸಿದ್ದು ನಾನು.”