ಹುಣಸೆಹಣ್ಣು ಹಚ್ಚಿ ತೊಳೆದ ಕಾರು

ನಮ್ಮ ಮನೆ ಮಾಲೀಕರು ಚಿಕ್ಕಬೈರಪ್ಪನವರು ಕಾಗೆಗೂ ಬೈಯುವ ಮನುಷ್ಯ. ಕಾರಣ ಅವರ ಕಪ್ಪು ಕಾರು. ಮಹದೇವಪುರದಲ್ಲಿ ಅವರ ಮನೆಯ ಮೇಲ್ಮಹಡಿಗೆ ನಾವು ಬಾಡಿಗೆಗೆ ಬಂದ ದಿನ, ಕಸ ಎಲ್ಲಿಡಬೇಕು, ಬಟ್ಟೆ ಎಲ್ಲಿ ಒಣಹಾಕಬೇಕು ಎಂದು ಹೇಳುವುದಕ್ಕೂ ಮೊದಲು ಪೋರ್ಟಿಕೋದಲ್ಲಿ ನಿಂತ ಆ ಕಾರನ್ನು ಮುಟ್ಟಬಾರದೆಂದು ಹೇಳಿದ್ದರು. ಅವರ ಹೆಂಡತಿ ಪಿಳ್ಳಮ್ಮನವರಿಗೂ ಅದನ್ನು ಒರೆಸುವ ಅಧಿಕಾರವಿರಲಿಲ್ಲ.

ಭಾನುವಾರ ಬೆಳಗ್ಗೆ ಅವರು ಕಾರು ತೊಳೆಯಲು ನಿಂತರೆ ಬೀದಿಗೆಲ್ಲ ಪಾಠ. ನಾನು ಹಾಲು ತರಲು ಇಳಿದರೆ ಸಿಕ್ಕಿಬಿದ್ದೆನೆಂದೇ ಲೆಕ್ಕ.

“ಒಣಬಟ್ಟೇಲಿ ಒರುಸ್ಬಾರ್ದು ಕಣಯ್ಯ. ಧೂಳು ಅಂದ್ರೆ ಏನು? ಮರಳು. ಮೊದ್ಲು ನೀರು ಬಿಟ್ಟು ಅದುನ್ನ ಇಳುಸ್ಬೇಕು.”

ಸೋಪಿನ ನೀರಿಗೊಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಮೇಲಿನಿಂದ ಕೆಳಕ್ಕೆ ಬರಬೇಕು, ಚಕ್ರಕ್ಕೆ ಬೇರೆಯದೇ ಬಟ್ಟೆ. ಬಿಸಿಲಲ್ಲಿ ತೊಳೆದರೆ ಸೋಪು ಅಲ್ಲೇ ಒಣಗಿ ಕಲೆಯಾಗುತ್ತದೆ. ಹಕ್ಕಿ ಹಿಕ್ಕೆ ಬಿದ್ದರೆ ಕೆರೆಯಬಾರದು, ಒದ್ದೆ ಬಟ್ಟೆ ಹಾಕಿ ನೆನೆಸಬೇಕು. ಬೋರ್ ನೀರು ಬಿಳಿ ಚುಕ್ಕೆ ಬಿಡುತ್ತದೆಂದು ಕೊನೆಗೊಂದು ಬಕೆಟ್ ಕಾವೇರಿ ನೀರು! ನಮಗೆ ಕಾವೇರಿ ನೀರು ಬಾರದ ವಾರವೂ ಕಾರಿನ ಸ್ನಾನ ತಪ್ಪುತ್ತಿರಲಿಲ್ಲ. ನಾನೋ ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ ದಿನವಿಡೀ ತಪ್ಪು ಹುಡುಕಿ ತಲೆ ಕೆಟ್ಟು ಬರುವವನು. ಈ ಪಾಠ ಕೇಳಿ ಒಳಗೊಳಗೇ ಉರಿಯುತ್ತಿದ್ದೆ. ಕಾರಿನ ತಲೆತಿರುಕ ಎಂದು ಹೆಂಡತಿ ಶೀತಲ್ ಮುಂದೆ ಅವರನ್ನು ಆಡಿಕೊಳ್ಳುವುದು ನನಗೊಂದು ಚಟವೇ ಆಗಿತ್ತು.

ತುಂಬು ಬಸುರಿ ಶೀತಲ್‌ಗೆ ಹೆರಿಗೆ ನೋವು ಬಂದದ್ದು ಸರಿಯಾಗಿ ಆಫೀಸುಗಳು ಬಿಡುವ ಹೊತ್ತಿಗೆ. ಹೊರಗೆ ಮಳೆ. ರಿಂಗ್ ರೋಡು ಕಟ್ಟಿಕೊಂಡಿತ್ತು. ಬುಕ್ ಮಾಡಿದ ಕ್ಯಾಬುಗಳು ಒಂದೊಂದಾಗಿ ಕ್ಯಾನ್ಸಲ್ ಆದವು, ಆಂಬುಲೆನ್ಸ್ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ನಾನು ಫೋನ್ ಹಿಡಿದು ಗೇಟಿನ ಬಳಿ ಒದ್ದಾಡುತ್ತಿದ್ದಾಗ ಹಿಂದಿನಿಂದ ಹಾರ್ನ್ ಕೇಳಿಸಿತು.

“ಏನಯ್ಯ ನೋಡ್ತಾ ನಿಂತಿದ್ದೀಯ? ಕರ್ಕೊಂಡ್ ಬಾರಯ್ಯ!”

ಚಿಕ್ಕಬೈರಪ್ಪನವರು ಬನಿಯನ್ನಿನಲ್ಲೇ ಸ್ಟೀರಿಂಗ್ ಹಿಡಿದು ಕೂತಿದ್ದರು. ಹಳೇ ಊರಿನ ಒಳದಾರಿಗಳಲ್ಲಿ ಕೆಸರು, ಜಲ್ಲಿ ರಾಶಿ ಯಾವುದನ್ನೂ ನೋಡದೆ ಕಾರು ನುಗ್ಗಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹೆಣ್ಣು ಮಗು. ತಾಯಿ-ಮಗು ಇಬ್ಬರನ್ನೂ ಮನೆಗೆ ಕರೆತಂದದ್ದೂ ಅದೇ ಕಾರು, ಅದೇ ಕೆಸರಿನ ದಾರಿಯಲ್ಲಿ.

ಮರುದಿನ ಬೆಳಗ್ಗೆ ಎದ್ದರೆ, ಹೆರಿಗೆಗೆಂದು ದಾವಣಗೆರೆಯಿಂದ ಬಂದಿದ್ದ ನನ್ನ ಅವ್ವ ಗೌರಮ್ಮ ಮನೆಯಲ್ಲಿಲ್ಲ. ಕೆಳಗಿಳಿದು ನೋಡಿದೆ. ಸೆರಗು ಸಿಕ್ಕಿಸಿಕೊಂಡು ಪೋರ್ಟಿಕೋದಲ್ಲಿ ನಿಂತಿದ್ದಾಳೆ. ಕಾಲ ಬಳಿ ಬಕೆಟ್, ಕೈಯಲ್ಲಿ ತೆಂಗಿನ ನಾರು, ಪಕ್ಕದಲ್ಲಿ ಪಾತ್ರೆ ತೊಳೆಯುವ ಪುಡಿ, ನೆನೆಸಿದ ಹುಣಸೆಹಣ್ಣು. ಇಡೀ ಕಾರು ತೊಳೆದು ಮುಗಿದಿದೆ. ಬಾನೆಟ್ ಮೇಲೆ ಮೂರು ಬೆರಳಿನ ವಿಭೂತಿ.

“ಹೆಂಗೈತಿ ನೋಡಪ್ಪ. ಬರೇ ನೀರಿಗೆ ಕೆಸರು ಹೋಗಲಿಲ್ಲ. ದೇವರ ಸಾಮಾನು ತಿಕ್ಕಿದಂಗ ತಿಕ್ಕೀನಿ.”

ಅವ್ವ ಹುಣಸೆಹಣ್ಣು ಹಚ್ಚುವುದು ದೇವರ ಮನೆಯ ಹಿತ್ತಾಳೆಗೆ ಮಾತ್ರ. ಅಡುಗೆ ಪಾತ್ರೆಗಳಿಗೆ ಆ ಮರ್ಯಾದೆ ಇಲ್ಲ. ಅಷ್ಟರಲ್ಲಿ ಎಳೆಬಿಸಿಲು ಓರೆಯಾಗಿ ಬಾನೆಟ್ ಮೇಲೆ ಬಿತ್ತು. ಕಪ್ಪು ಬಣ್ಣದ ತುಂಬ ಸುತ್ತುಸುತ್ತಾದ ಗೀರುಗಳು, ಕಾವಲಿಯ ಮೇಲೆ ದೋಸೆ ಹಿಟ್ಟು ಎಳೆದ ಹಾಗೆ. ಪೊರೆ ಬಂದ ಅವ್ವನ ಕಣ್ಣಿಗೆ ಹೊಳಪಷ್ಟೇ ಕಾಣುತ್ತಿತ್ತು.

ಚೆನ್ನಾಗಿದೆ ಎಂದು ಹೇಳಿ ಅವಳನ್ನು ಮೇಲೆ ಕಳಿಸಿದೆ. ಕಾರು ಪಾಲಿಶ್ ಮಾಡುವ ಗೆಳೆಯ ಅಂಬರೀಶನಿಗೆ ಫೋನ್ ಹಚ್ಚಿದೆ.

“ಮೇಲ್ಮೇಲಿನ ಗೀರು ಮಷಿನ್ ಪಾಲಿಶಲ್ಲಿ ಹೋಗತ್ತೆ ಗುರು. ಆಳ ಇದ್ರೆ ಇಲ್ಲ. ಜಾಸ್ತಿ ಉಜ್ಜಿದ್ರೆ ಬಣ್ಣಾನೇ ಹೋಗ್ಬಿಡತ್ತೆ,” ಎಂದ.

ನಿಜ ಹೇಳಬೇಕೆಂದರೆ ನನಗೆ ಕಾರಿನ ಚಿಂತೆಗಿಂತ ಅವ್ವನ ಚಿಂತೆಯೇ ದೊಡ್ಡದಾಗಿತ್ತು. ಕಾಗೆಗೆ ಬೈಯುವ ಈ ಮನುಷ್ಯ ಅವಳಿಗೆ ಒಂದೇ ಒಂದು ಮಾತು ಅಂದರೂ ಸಾಕು, ಅವಳು ಮತ್ತೆ ತಲೆಯೆತ್ತಿ ಆ ಮೆಟ್ಟಿಲು ಇಳಿಯುವುದಿಲ್ಲ. ಮೊಮ್ಮಗಳು ಬಂದ ಸಂತೋಷವೆಲ್ಲ ಮಣ್ಣುಪಾಲಾಗುತ್ತದೆ. ಅವರು ಕಾರು ನೋಡುವ ಮೊದಲೇ ಹೋಗಿ ಬೈಗುಳವನ್ನೆಲ್ಲ ನಾನೇ ತಿಂದುಬಿಡುವುದೆಂದು ಬಾಗಿಲು ತಟ್ಟಿದೆ.

ಚಿಕ್ಕಬೈರಪ್ಪನವರು ಕಾಫಿ ಕುಡಿಯುತ್ತಿದ್ದರು.

“ಸಾರ್, ಕಾರು... ನಮ್ಮಮ್ಮ ಗೊತ್ತಿಲ್ದೆ...”

“ನೋಡ್ದೆ ಕಣಯ್ಯ.”

“ಯಾವಾಗ ಸಾರ್?”

“ಉಜ್ತಾ ಇರೋವಾಗ್ಲೇ.” ಪೋರ್ಟಿಕೋ ಕಡೆಗಿದ್ದ ಕಿಟಕಿಯತ್ತ ಕೈ ತೋರಿಸಿದರು.

“ಮತ್ತೆ ಯಾಕ್ ಸಾರ್ ತಡೀಲಿಲ್ಲ?”

ಅವರು ಲೋಟ ಕೆಳಗಿಟ್ಟರು. “ಕೂಗಾಣ ಅಂತ್ಲೇ ಕಿಟ್ಕಿ ತೆಗ್ದೆ. ನೋಡಿದ್ರೆ ನಿಮ್ಮವ್ವ ಕಾರ್ ಜೊತೆ ಮಾತಾಡ್ತಾವ್ರೆ. ‘ನನ್ ಸೊಸೇನ ಒತ್ಕಂಡ್ ಓದೆ, ಇಬ್ರುನ್ನ ಮಾಡಿ ತಂದ್ಕೊಟ್ಟೆ, ನಿನ್ ಒಟ್ಟೆ ತಣ್ಣಗಿರ್ಲಿ’ ಅಂತ ಅಳ್ತಾ ಅಳ್ತಾ ಉಜ್ತಾವ್ರೆ. ಆ ನಾರು ತಿರುಗ್ದಂಗೆಲ್ಲ ಗೀರು ಬೀಳೋದು ಕಾಣ್ತಿತ್ತು, ಸುಳ್ಳ್ಯಾಕೆ ಏಳ್ಲಿ. ಆದ್ರೂ ಮೆಲ್ಲಗೆ ಕಿಟ್ಕಿ ಮುಚ್ದೆ.”

“ಮುಗಿಯೋಗಂಟ ಆಚೆಗೇ ಕಾಲಿಡ್ನಿಲ್ಲ ಇವ್ರು,” ಎಂದರು ಪಿಳ್ಳಮ್ಮ. “ನಂಗೂ ಓಗ್ಬೇಡ ಅಂದ್ರು. ಆಯಮ್ಮ ಗಾಬ್ರಿ ಬೀಳ್ತಾರೆ ಅಂತ.”

ನಾನು ಪಾಲಿಶ್ ಮಾಡಿಸಿಕೊಡುತ್ತೇನೆ ಎಂದು ತೊದಲಿದೆ. ಅದೆಲ್ಲ ಆಮೇಲೆ ಎಂದು ಅವರು ಕೈ ಆಡಿಸಿದರು. ಅಷ್ಟರಲ್ಲಿ ಮಗುವಿನ ಹೆಸರಿನಲ್ಲಿ ಮಾಡಿದ ಗೋಧಿ ಹುಗ್ಗಿಯ ಬಟ್ಟಲು ಹಿಡಿದು ಅವ್ವ ಇಳಿದು ಬಂದಳು. ಚಿಕ್ಕಬೈರಪ್ಪನವರು ಎದ್ದು ಹೊರಗೆ ಬಂದರು.

“ಹೊಳಿತೈತಿ ಏನ್ರಿ ಯಜಮಾನ್ರ?” ಎಂದಳು ಅವ್ವ.

ಬಿಸಿಲು ಆಗಲೇ ಏರಿತ್ತು. ಅವರು ಬಾನೆಟ್ಟಿನ ಒಂದೊಂದೇ ಗೀರನ್ನು ನೋಡುತ್ತ ಕಾರಿನ ಸುತ್ತ ಬಂದರು.

“ಒಳೀತದೆ ಕಣವ್ವ. ನಮ್ ಮಗಳ ಮದ್ವೆ ದಿನಾನೂ ಇಂಗ್ ಒಳ್ದಿರ್ನಿಲ್ಲ.”

ಅವ್ವನ ಮುಖ ಅರಳಿತು. ಬಟ್ಟಲನ್ನು ಪಿಳ್ಳಮ್ಮನವರ ಕೈಗಿತ್ತು, ಮಗು ಎದ್ದಿರಬೇಕೆಂದು ಸರಸರ ಮೆಟ್ಟಿಲು ಹತ್ತಿದಳು. ಮಳೆಯಲ್ಲಿ ಕಾರು ಓಡಿಸಿದ್ದಕ್ಕೆ ನಾನು ಚಿಕ್ಕಬೈರಪ್ಪನವರಿಗೆ ಆಸ್ಪತ್ರೆಯಲ್ಲೇ ಬಾಯಿ ನೋಯುವಷ್ಟು ಥ್ಯಾಂಕ್ಸ್ ಹೇಳಿದ್ದೆ. ಆ ಕಿಟಕಿ ಮುಚ್ಚಿದ್ದಕ್ಕೆ ಬಗ್ಗಿ ಅವರ ಕಾಲು ಮುಟ್ಟಿದೆ.