ಹೂಳಿಗೆ ಸುತ್ತಿದ ಸೊನ್ನೆ

ದ್ಯಾವಪ್ಪ ಮಾಸ್ತರರು ಬಸ್ಸಿಳಿದು ಕೆರೆಯ ಏರಿ ಹತ್ತಿದರು. ತಮ್ಮ ಹಳೆಯ ವಿದ್ಯಾರ್ಥಿನಿ ಅಯ್ಯಮ್ಮನಿಗೆ ಒಂದು ಮಾತು ಹೇಳಬೇಕಿತ್ತು. ಅದು ಮೂವತ್ತು ವರ್ಷ ತಡವಾಗಿತ್ತು.

ಆಗಿನ್ನೂ ಶಹಾಪುರದ ಈ ಕಡೆಗೆ ಕಾಲುವೆ ನೀರು ಬಂದಿರಲಿಲ್ಲ. ಬೇಸಿಗೆ ಬಂತೆಂದರೆ ಊರಿಗೆ ಊರೇ ಬತ್ತಿದ ಕೆರೆಗಿಳಿದು, ಕಪ್ಪು ಹೂಳು ತುಂಬಿ ಹೊಲಕ್ಕೆ ಗೊಬ್ಬರವಾಗಿ ಹೊಡೆಯುತ್ತಿತ್ತು. ಆಹಾ, ಎಂಥ ದಿನಗಳವು. ಮಾಸ್ತರರೂ ಅಲ್ಲೇ ಕೂತು ಊರವರ ಬುತ್ತಿಯ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡವರೇ. ಉಂಡರೇನು ಬಂತು, ಕಣ್ಣೆದುರಿನ ಹೂಳು ಮಾತ್ರ ಅವರಿಗೆ ಕಾಣಲಿಲ್ಲ.

ಸಮುದ್ರವನ್ನೇ ನೋಡದ ಎಂಟನೇ ತರಗತಿಯ ಮಕ್ಕಳಿಗೆ ಅವರು ಸಮುದ್ರದ ಪಾಠ ಮಾಡಿದ್ದರು. ಪ್ಲಾಂಕ್ಟನ್ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿರುತ್ತವೆ, ನಮ್ಮ ಕೆರೆ ಹಸಿರಾಗುವುದೂ ಅಂಥವುಗಳಿಂದಲೇ. ಗಾಳಿಯಿಂದ ನೀರಿಗಿಳಿದ ಇಂಗಾಲವನ್ನು ಹೀರಿ ಬೆಳೆಯುತ್ತವೆ, ಸತ್ತಾಗ ಅದರಲ್ಲಿ ಒಂದಿಷ್ಟನ್ನು ಹೊತ್ತುಕೊಂಡೇ ತಳ ಸೇರುತ್ತವೆ. ಪರೀಕ್ಷೆಯಲ್ಲಿ ಕೇಳಿದರು: ತಳ ಸೇರಿದ ಇಂಗಾಲ ಏನಾಗುತ್ತದೆ? ನೂರಾರು ವರ್ಷ ಅಲ್ಲೇ ಉಳಿಯುತ್ತದೆ ಎಂದು ಬರೆಯಬೇಕಿತ್ತು. ಅಯ್ಯಮ್ಮ ಬರೆದಿದ್ದಳು: 'ಬ್ಯಾಸಿಗ್ಯಾಗ ಹೊಲಕ್ಕ ಹೋಗ್ತದ.'

ಮಾಸ್ತರರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಹೊಟ್ಟೆ ಹಿಡಿದು ನಕ್ಕು, ಸೊನ್ನೆ ಸುತ್ತಿದರು. ತರಗತಿಯೂ ನಕ್ಕಿತು. ಮರುದಿನದಿಂದ ಹುಡುಗಿ ಶಾಲೆಯ ಕಡೆ ಹಾಯಲಿಲ್ಲ.

ಆಮೇಲೆ ಕಾಲುವೆ ಬಂತು, ಕೆರೆ ವರ್ಷವಿಡೀ ತುಂಬಿ ನಿಂತಿತು, ಹೂಳೆತ್ತುವುದನ್ನೇ ಜನ ಮರೆತರು. ನಿವೃತ್ತರಾಗಿ ಯಾದಗಿರಿಯಲ್ಲಿದ್ದ ಮಾಸ್ತರರು ಮೊನ್ನೆ ತುಳಸಿ ಕುಂಡಕ್ಕೆ ಕೆರೆಮಣ್ಣು ಹಾಕುತ್ತಿದ್ದಾಗ ಕೈ ತಟ್ಟನೆ ನಿಂತಿತು. ಥೂ ನನ್ನ, ಕೆರೆಯ ತಳ ಸೇರಿದ್ದು ಹೂಳಿನ ಜೊತೆ ಹೊಲಕ್ಕೆ ಹೋಗುತ್ತದೆ ಅಂತಲೇ ಅಲ್ಲವೇ ಆ ಹುಡುಗಿ ಬರೆದದ್ದು?

ಈ ವರ್ಷ ದುರಸ್ತಿಗೆಂದು ಕಾಲುವೆ ಬಂದ್ ಆಗಿ ಕೆರೆ ಬತ್ತಿತ್ತು. ಹೆಂಗಸರು ಮತ್ತೆ ಹೂಳೆತ್ತುತ್ತಿದ್ದರು. ಅಯ್ಯಮ್ಮ ತುಂಬಿದ ಬುಟ್ಟಿಯ ಪಕ್ಕ ನಿಂತು ತಲೆಗೆ ಬಟ್ಟೆ ಸುತ್ತಿದ ಸಿಂಬಿ ಇಟ್ಟುಕೊಳ್ಳುತ್ತಿದ್ದಳು.

"ನಾ ದ್ಯಾವಪ್ಪ ಮಾಸ್ತರ. ಗುರುತು ಸಿಕ್ಕತೇನವ್ವ?"

"ಸಿಗದೇನ್ರಿ ಸರ."

"ಅವತ್ತ ನೀ ಬರದದ್ದು ಸಮುದ್ರಕ್ಕ ತಪ್ಪಿರಬಹುದು, ನಮ್ಮ ಕೆರಿಗೆ ಖರೇನ ಇತ್ತು. ನಕ್ಕಿದ್ದು ನಂದ ತಪ್ಪು."

ಅಯ್ಯಮ್ಮ ಸಿಂಬಿ ಸರಿಮಾಡಿಕೊಂಡಳು. "ಮಾರ್ಕ್ಸ್ ಹೋದ್ರ ಹೋಗ್ಲಿ ಬಿಡ್ರಿ. ಯಾಕ ಹಿಂಗ ಬರದಿ ಅಂತ ಒಂದ ಮಾತ ಕೇಳಿದ್ದರ ನಾ ಸಾಲಿ ಬಿಡತಿದ್ದಿಲ್ಲರಿ."

"ಈಗ ಕೇಳ್ತೀನವ್ವ. ಯಾಕ ಹಂಗ ಬರದಿ?"

"ಹೇಳೂದೇನದರಿ, ಇಲ್ಲೇ ಕಣ್ಣ ಮುಂದ ಅದ ಅಲ್ರಿ. ಬುಟ್ಟಿ ಎತ್ತಸ್ರಿ, ಹೊಲಕ್ಕ ಹೋಗೂಣು."

ಮಾಸ್ತರರು ಬಗ್ಗಿ ಕೈ ಹಚ್ಚಿದರು. ಅವರು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಎತ್ತಿ ಅವಳ ತಲೆಗಿಟ್ಟು, ಅವಳ ಹಿಂದೆಯೇ ಹೊಲದ ಕಡೆ ನಡೆದರು.