ನೂರ್‌ಜಹಾನಳನ್ನು ಬೆಂಗಳೂರಿಗೆ ಕರೆದೊಯ್ದ ಹಳೇ ಮೋಟಾರು

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಚನ್ನಗಿರಿಯ ಅಖ್ತರ್‌ಬೀಗೆ ಆಗ ಎಲ್ಲಿ ನೋಡಿದರೂ ರಸ್ತೆಯ ಕಲ್ಲುಗಳೇ ಕಣ್ಣಿಗೆ ಬೀಳುತ್ತಿದ್ದವು. ಈ ಕಲ್ಲಿನ ಮೇಲೆ ಚಕ್ರ ಹತ್ತಿದರೆ ಮಗಳ ಕಾಲು ಎಷ್ಟು ಅಲುಗಬಹುದು, ಆ ಗುಂಡಿಗೆ ಇಳಿದರೆ ಎಷ್ಟು ನೋಯಬಹುದು ಎಂದು ಲೆಕ್ಕ ಹಾಕುತ್ತಲೇ ನಡೆಯುತ್ತಿದ್ದಳು.

ಮಗಳು ನೂರ್‌ಜಹಾನ್ ಮನೆ ಮುಂದಿನ ತಮ್ಮ ಬಟ್ಟೆ ಅಂಗಡಿಯ ಅಟ್ಟದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಊರಲ್ಲಿ ಕಟ್ಟಿಸಿದ ಕಟ್ಟು ಸರಿಹೋಗಲಿಲ್ಲ. ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತಿತ್ತು. ಶಿವಮೊಗ್ಗದಿಂದ ಬಂದ ಡಾಕ್ಟರು ನೋಡಿ, ಉದ್ದನೆಯ ಹಲಗೆಗೆ ಹುಡುಗಿಯನ್ನು ಸೊಂಟದಿಂದ ಪಾದದವರೆಗೆ ಕಟ್ಟಿದರು.

"ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ತಿಂಗಳು ದಾಟಬಾರದು. ದಾರೀಲಿ ಹತ್ತಿಸೋದು ಇಳಿಸೋದು ಮಾಡಬೇಡಿ. ಇಲ್ಲಿ ಮಲಗಿಸಿದವಳನ್ನ ಅಲ್ಲೇ ಎತ್ತಬೇಕು. ಆಮೇಲೂ ಆಗಾಗ ಹೋಗಿ ಬರಬೇಕಾಗುತ್ತೆ," ಎಂದರು.

ರೈಲೆಂದರೆ ಬೀರೂರಿನಲ್ಲಿ ಇಳಿಸಿ ಮತ್ತೆ ಹತ್ತಿಸಬೇಕು. ಬಸ್ಸಿನ ಬಾಗಿಲಲ್ಲಿ ಹಲಗೆ ತಿರುಗುವುದಿಲ್ಲ. ಬಾಡಿಗೆ ಮೋಟಾರನ್ನು ಎಷ್ಟು ಸಲ ಕರೆಸುವುದು? ಅಖ್ತರ್‌ಬೀಯ ಗಂಡ ರಸೂಲ್‌ಸಾಬರು ಬಟ್ಟೆ ವ್ಯಾಪಾರಿ. ನ್ಯಾಮತಿ, ಹೊನ್ನಾಳಿ, ಜಗಳೂರು ಸಂತೆಗಳಿಗೆ ಗಾಡಿ ಕಟ್ಟಿಕೊಂಡು ತಿರುಗುವವರು. ಹಳೇ ಮೋಟಾರೊಂದನ್ನು ಕೊಂಡುಬಿಟ್ಟರೆ ಮಗಳಿಗೂ ಆಯಿತು, ವ್ಯಾಪಾರಕ್ಕೂ ಆಯಿತು ಎಂದು ತೀರ್ಮಾನಿಸಿದರು. ಓಡಿಸುವುದಕ್ಕೆ ರಸೂಲ್‌ಸಾಬರ ತಮ್ಮ ಗೌಸ್‌ಪೀರ್ ಇದ್ದ. ಅವನು ಹೊನ್ನಾಳಿ ಬಸ್ಸಿನ ಡ್ರೈವರು. ಓಡಿಸುವುದು ಅವನಿಗೆ ಚೆನ್ನಾಗಿ ಗೊತ್ತು, ಇಂಜಿನ್ನಿನ ಒಳಗಿನ ಕಥೆ ಮಾತ್ರ ಅಷ್ಟಕ್ಕಷ್ಟೆ.

ಮೋಟಾರು ಕೊಳ್ಳುತ್ತಾರೆಂಬ ಸುದ್ದಿ ಹಬ್ಬಿದ್ದೇ ತಡ, ಹೊನ್ನಾಳಿಯ ದಲ್ಲಾಳಿ ಮಲ್ಲೇಶಪ್ಪ ಒಂದು ಕೆಂಪು ಮೋಟಾರನ್ನು ಓಡಿಸಿಕೊಂಡು ಬಂದು ಅಂಗಡಿಯ ಮುಂದೆಯೇ ನಿಲ್ಲಿಸಿದ. ಹೊಸ ಬಣ್ಣ, ಹೊಸ ಮೆತ್ತೆ. ದೀಪಗಳಲ್ಲಿ ಮುಖ ಕಾಣುತ್ತಿತ್ತು. ಬೀದಿಯವರೆಲ್ಲ ಸುತ್ತುಗಟ್ಟಿದರು.

"ಶಿವಮೊಗ್ಗದ ಸಾವ್ಕಾರ್ರು ನಾಳೆ ಬರ್ತಾರೆ ಇದನ್ನ ನೋಡಾಕೆ. ನಿಮ್ಮ ಮಗಳ ವಿಷಯ ಕೇಳಿದೆ, ಮನಸು ತಡೀಲಿಲ್ಲ. ಅದಕ್ಕೇ ಮೊದ್ಲು ನಿಮ್ಮ ಹತ್ರ ತಂದೆ," ಎಂದ ಮಲ್ಲೇಶಪ್ಪ.

ರಸೂಲ್‌ಸಾಬರ ಮುಖ ಅರಳಿತು. ಒಳಗೆ ಬಂದು ಹೆಂಡತಿಗೆ ಹೇಳಿದರು. "ನೋಡಿದೆಯಾ? ಇಂಥಾ ಮೋಟಾರು ಈ ಊರಾಗೆ ಯಾರ ಹತ್ರನೂ ಇಲ್ಲ. ಇವತ್ತೇ ಮುಗಿಸಿಬಿಡ್ತೀನಿ."

ಅಖ್ತರ್‌ಬೀ ಕಿಟಕಿಯಿಂದ ನೋಡಿದಳು. ಗಾಡಿ ಚೆನ್ನಾಗಿಯೇ ಇತ್ತು. ಆದರೂ ಅವಳ ಕಣ್ಣು ಮತ್ತೆ ಬೀದಿಯ ಕಲ್ಲುಗಳ ಕಡೆಗೇ ಹೋಯಿತು.

"ಏನ್ರೀ, ಬೆಂಗಳೂರು ಅಂದ್ರೆ ದಿನವೆಲ್ಲಾ ದಾರಿ. ಅರ್ಧ ದಾರೀಲಿ ನಿಂತುಬಿಟ್ರೆ? ಬಯಲಾಗೆ ಆ ಮಗೀನ ಇಟ್ಕೊಂಡು ಏನು ಮಾಡಾನ?"

"ನಿಲ್ಲೋ ಗಾಡಿ ಹಿಂಗೆ ಹೊಳೀತೈತೇನು? ನಿಂಗೆ ಎಲ್ಲದಕ್ಕೂ ಹೆದರಿಕೆ," ಎಂದು ರಸೂಲ್‌ಸಾಬರು ರೇಗಿದರು. ಅವರಿಗೂ ಒಳಗೊಳಗೆ ಹೆದರಿಕೆಯೇ. ತಿಂಗಳು ಕಳೆಯುತ್ತಾ ಬಂದಿತ್ತು.

ಅಷ್ಟರಲ್ಲಿ ಜಗಳೂರಿನ ನಾಗೇಂದ್ರಪ್ಪನವರು ಹುಡುಗಿಯನ್ನು ನೋಡಲು ಬಂದರು. ಜಗಳೂರು ದಾವಣಗೆರೆ ನಡುವೆ ಅವರದೇ ಬಸ್ಸು ಓಡುತ್ತಿತ್ತು. ಸಂತೆಯಲ್ಲಿ ರಸೂಲ್‌ಸಾಬರು ಬಟ್ಟೆ ಹರಡುತ್ತಿದ್ದದ್ದು ಅವರ ಬಸ್ ಷೆಡ್ಡಿನ ಎದುರಿಗೇ. ಹಾಗೆ ಬೆಳೆದ ಸ್ನೇಹ. ಅವರು ನೂರ್‌ಜಹಾನಳ ತಲೆ ಸವರಿ, ಮಾತಾಡಿಸಿ, ಹೊರಗೆ ಬಂದವರೇ ಕೆಂಪು ಮೋಟಾರಿನ ಮೂತಿಯ ಮೇಲೆ ಅಂಗೈ ಇಟ್ಟರು.

"ಇಂಜಿನ್ನು ಬಿಸಿ ಐತಲ್ಲ ಮಲ್ಲೇಶಪ್ಪ?"

"ಈಗ ತಾನೆ ಬಂದೀವಲ್ರಿ."

"ಬಂದು ಬಾಳ ಹೊತ್ತಾತಂತೆ. ಆಗಿಂದ ಆಫ್ ಮಾಡೇ ಇಲ್ಲಂತೆ. ರಸೂಲ್‌ಸಾಬ್ರೇ, ಹಳೇ ಇಂಜಿನ್ನು ಬಿಸಿ ಇದ್ದಾಗ ಎಲ್ಲಾ ಚೆಂದಾಗೇ ಓಡ್ತೈತೆ. ತಣ್ಣಗಿದ್ದಾಗ ಮುಂದುಗಡೆ ಹ್ಯಾಂಡ್ಲು ಹೊಡೆದು ಚಾಲೂ ಮಾಡಿ ನೋಡಬೇಕು. ಆವಾಗ ಅದರ ಗುಣ ಗೊತ್ತಾಗೋದು."

"ಅಣ್ಣಾ, ನೀವು ಹಿಂಗೆ ಅನುಮಾನ ಮಾಡ್ತಾ ಹೋದ್ರೆ ಗಾಡಿ ಕೈ ತಪ್ಪಿ ಹೋಗ್ತೈತೆ," ಎಂದರು ರಸೂಲ್‌ಸಾಬರು.

ಆಗ ಬಾಗಿಲ ಪರದೆಯ ಹಿಂದಿನಿಂದ ಅಖ್ತರ್‌ಬೀಯ ದನಿ ಕೇಳಿಸಿತು. ಪರ ಗಂಡಸರ ಮುಂದೆ ಅವಳು ಮಾತಾಡುವವಳಲ್ಲ. ದನಿ ನಡುಗುತ್ತಿತ್ತು.

"ಅಣ್ಣಾವ್ರೇ, ಒಂದು ಮಾತು. ನೂರ್ ಮಲಗೋ ಜಾಗದಾಗೆ ಹಲಗೆ ಹಾಕಿ ನಾನು ಮಲಗ್ತೀನಿ. ಉಬ್ರಾಣಿ ಕಡೆ ಏರು ಹತ್ತಿಸಿ ಇಳಿಸಿಕೊಂಡು ಬರ್ರಿ. ಆಮೇಲೆ ಇವರು ಏನು ಬೇಕಾದ್ರೂ ಮಾಡ್ಲಿ."

ನಾಗೇಂದ್ರಪ್ಪನವರು, "ನಮ್ಮ ತಂಗಿ ಹೇಳಿದ್ದೇ ಸರಿ ರಸೂಲ್‌ಸಾಬ್ರೇ. ಯಾವ ಕೆಲಸಕ್ಕೆ ಗಾಡಿ ಬೇಕೋ ಆ ಕೆಲಸ ಮಾಡಿಸೇ ನೋಡಬೇಕು," ಎಂದರು.

ಮೋಟಾರಿನ ಮೇಲಿನ ಬಟ್ಟೆಯ ಹೊದಿಕೆ ಮಡಚಿ, ಮುಂದಿನ ಒಂದು ಸೀಟನ್ನು ಬಿಚ್ಚಿ, ಅಂಥದೇ ಇನ್ನೊಂದು ಹಲಗೆಯನ್ನು ಉದ್ದಕ್ಕೆ ಹಾಸಿದರು. ಬುರ್ಖಾ ತೊಟ್ಟ ಅಖ್ತರ್‌ಬೀ ಅದರ ಮೇಲೆ ಮಲಗಿದಳು. ಗೌಸ್‌ಪೀರ್ ಓಡಿಸಿದ. ಹಲಗೆಯ ತಲೆಯ ಕಡೆ ರಸೂಲ್‌ಸಾಬರು ಇಕ್ಕಟ್ಟಾಗಿ ಕುಳಿತರು. ನಾಗೇಂದ್ರಪ್ಪನವರೂ ದಲ್ಲಾಳಿಯೂ ಮೋಟಾರಿನ ಎರಡು ಪಕ್ಕದ ಮೆಟ್ಟಿಲ ಮೇಲೆ ಜೋತುಕೊಂಡು ನಿಂತರು.

ಸಮ ದಾರಿಯಲ್ಲಿ ಗಾಡಿ ಸದ್ದಿಲ್ಲದೆ ಓಡಿತು. ರಸೂಲ್‌ಸಾಬರು ಹೆಂಡತಿಯತ್ತ ನೋಡಿ ನಕ್ಕರು. ಏರು ಶುರುವಾಯಿತು. ಮಲಗಿದ್ದ ಅಖ್ತರ್‌ಬೀಗೆ ಮೊದಲು ಸುಟ್ಟ ವಾಸನೆ ಬಂತು. ಆಮೇಲೆ ಮುಂದುಗಡೆಯಿಂದ ಬುಸ್ಸೆಂದು ಹಬೆ ಎದ್ದಿತು. ಇಂಜಿನ್ನು ಕೆಮ್ಮಿ ಕೆಮ್ಮಿ ನಿಂತುಹೋಯಿತು.

"ಬ್ರೇಕು ಹಾಕಪ್ಪಾ!" ನಾಗೇಂದ್ರಪ್ಪನವರು ಕೂಗಿದರು.

"ಹಾಕೇ ಇದೀನ್ರಿ, ಹಿಡೀತಿಲ್ಲ!"

ಗಾಡಿ ಹಿಂದಕ್ಕೆ ಜಾರತೊಡಗಿತು. ಅಖ್ತರ್‌ಬೀಗೆ ಆಕಾಶ ಮಾತ್ರ ಕಾಣುತ್ತಿತ್ತು. ಹಲಗೆ ಅವಳನ್ನು ಹೊತ್ತುಕೊಂಡೇ ಜಾರಿತು. ಹಿಡಿದುಕೊಳ್ಳಲು ಕೈಗೆ ಏನೂ ಸಿಗಲಿಲ್ಲ. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಮಣ್ಣಿನ ದಿಬ್ಬ. ಗೌಸ್‌ಪೀರ್ ಚಕ್ರ ತಿರುಗಿಸಿ ಗಾಡಿಯ ಹಿಂಭಾಗವನ್ನು ದಿಬ್ಬಕ್ಕೆ ಗುದ್ದಿಸಿದ. ಧಡ್ ಎಂದು ನಿಂತಿತು. ಅಖ್ತರ್‌ಬೀಯ ಕಾಲು ಬಾಗಿಲಿಗೆ ಬಡಿಯಿತು.

ರಸೂಲ್‌ಸಾಬರು ಮುಂದಕ್ಕೆ ಬಾಗಿ ಹೆಂಡತಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಪೆಟ್ಟಾತಾ?"

"ನನಗೇನೂ ಆಗಿಲ್ಲ ಬಿಡ್ರಿ," ಎಂದಳು ಅಖ್ತರ್‌ಬೀ. ಆಮೇಲೆ ಅಳು ತಡೆಯಲಾಗದೆ, "ಇಲ್ಲಿ ನೂರ್ ಇದ್ದಿದ್ರೆ?" ಎಂದಳು.

ರಸೂಲ್‌ಸಾಬರು ಅವಳನ್ನು ಹಿಡಿದೆತ್ತಿ ಕೆಳಗೆ ಇಳಿಸಿದರು.

ಮಲ್ಲೇಶಪ್ಪ, "ಬ್ರೇಕು ಒಂದು ಬಿಗಿ ಮಾಡಿಸಿದ್ರೆ ಆತು ಬಿಡ್ರಿ," ಎಂದು ಗೊಣಗಿದ. ನಾಗೇಂದ್ರಪ್ಪನವರು ಗೇರುಪೆಟ್ಟಿಗೆಯ ಬಿರಡೆ ಬಿಚ್ಚಿ, ಬೆರಳಿಗೆ ಎಣ್ಣೆ ತೆಗೆದು ಎಲ್ಲರ ಮುಂದೆ ಹಿಡಿದರು. ಎಣ್ಣೆಯ ತುಂಬ ಮರದ ಹೊಟ್ಟು.

"ಸವೆದುಹೋದ ಗೇರು ಕಿರಚಬಾರದು ಅಂತ ಹೊಟ್ಟು ತುಂಬ್ಯಾರೆ. ಅದಕ್ಕೇ ಇಷ್ಟು ನಯವಾಗಿ ಓಡ್ತಿತ್ತು."

ಮಲ್ಲೇಶಪ್ಪ ತಲೆ ತಗ್ಗಿಸಿದ. ಅವನನ್ನು ಗಾಡಿಯ ಹತ್ತಿರವೇ ಬಿಟ್ಟು, ಉಳಿದವರು ದಾರಿಯಲ್ಲಿ ಬಂದ ಎತ್ತಿನಗಾಡಿ ಹತ್ತಿ ಊರಿಗೆ ಬಂದರು.

ಮನೆಯಲ್ಲಿ ಚಿಂತೆ ಇಮ್ಮಡಿಯಾಯಿತು. "ಅಮ್ಮೀ, ನಾವು ಯಾವಾಗ ಹೋಗೋದು?" ಎಂದು ನೂರ್‌ಜಹಾನ್ ಕೇಳಿದರೆ ಅಖ್ತರ್‌ಬೀ ಬೇರೆ ಮಾತು ತೆಗೆಯುತ್ತಿದ್ದಳು. ಹಳೇ ಮೋಟಾರಿನ ಸಹವಾಸವೇ ಬೇಡ, ರೈಲಿಗೇ ಹೋಗೋಣ, ದೇವರಿದ್ದಾನೆ ಎಂದು ರಸೂಲ್‌ಸಾಬರು ಹಟ ಹಿಡಿದರು.

ನಾಗೇಂದ್ರಪ್ಪನವರು ಸಮಾಧಾನವಾಗಿ ಹೇಳಿದರು. "ಹಳೇದು ಅಂದಮಾತ್ರಕ್ಕೆ ಕೆಟ್ಟದ್ದಲ್ಲ ರಸೂಲ್‌ಸಾಬ್ರೇ. ನನ್ನ ಬಸ್ಸೂ ಹಳೇದೇ. ನೋಡಿ ತಗೋಬೇಕು ಅಷ್ಟೆ. ನಮ್ಮೂರಾಗೆ ಓಬವ್ವ ಅಂತ ಇದಾರೆ, ಶೇಂಗಾ ಮಿಲ್ಲಿನೋರು. ಲಾರಿ ತಗೊಂಡ್ರು, ಅದಕ್ಕೆ ಕಾರು ಮಾರ್ತಾರಂತೆ. ರಾತ್ರಿ ನಮ್ಮನೇಲಿ ಇದ್ದು, ಬೆಳಗಾಗುತ್ಲೂ ಹೇಳದೆ ಕೇಳದೆ ಹೋಗಾನ. ಇಂಜಿನ್ನು ತಣ್ಣಗಿರ್ತೈತೆ."

ಓಬವ್ವನ ಕಾರು ನೋಡಿ ರಸೂಲ್‌ಸಾಬರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಪ್ಪು ಬಣ್ಣ ಕಿತ್ತುಹೋಗಿ ಮೈಯೆಲ್ಲ ತೇಪೆ. ಮೆತ್ತೆಯಲ್ಲಿ ತೆಂಗಿನ ನಾರು ಹೊರಗೆ ಬಂದಿತ್ತು.

"ಇದೇನಣ್ಣಾ, ಕೋಳಿಗೂಡು ಇದ್ದಂಗೈತೆ," ಎಂದು ಪಿಸುಗುಟ್ಟಿದರು.

ಓಬವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. ಕೇಳುವ ಮುಂಚೆಯೇ ಶುರುಮಾಡಿದಳು. "ಬಲಗಡೆ ಬಾಗಿಲು ತೆಗೆಯಾಕೆ ಬರಂಗಿಲ್ಲ. ಮಳೆ ಬಂದ್ರೆ ಮೇಲಿನ ಬಟ್ಟೆ ಸೋರ್ತೈತೆ. ಹಿಂದಿನ ಟಯರು ಒಂದು ಹಾಳಾಗೈತೆ, ಬದಲಾಯಿಸ್ಬೇಕು. ಇಂಜಿನ್ನಿಗೆ ಮಾತ್ರ ಒಂದು ದಿನಾನೂ ಎಣ್ಣೆ ತಪ್ಪಿಸಿಲ್ಲ. ಒಪ್ಪಿಗೆ ಆದ್ರೆ ತಗೊಳ್ರಿ, ಇಲ್ಲಾಂದ್ರೆ ಚಾ ಕುಡ್ದು ಹೋಗ್ರಿ."

ನಾಗೇಂದ್ರಪ್ಪನವರು ಗೌಸ್‌ಪೀರನ ಕೈಗೆ ಹ್ಯಾಂಡಲ್ ಕೊಟ್ಟರು. ತಣ್ಣಗಿದ್ದ ಇಂಜಿನ್ನು ಸ್ವಲ್ಪ ಸತಾಯಿಸಿ ಹತ್ತಿಕೊಂಡಿತು. ಹಿಂದಿನ ಕೊಳವೆಯಿಂದ ಬಂದ ಹೊಗೆ ತೆಳುವಾಗಿತ್ತು. "ನೀಲಿ ಹೊಗೆ ಬಂದ್ರೆ ಎಣ್ಣೆ ಕುಡೀತೈತೆ ಅಂತ ಅರ್ಥ," ಎಂದರು. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಪದರ ಇದೆಯೇ ನೋಡಿದರು. ನೆಲದ ಮೇಲೆ ತೊಟ್ಟಿಕ್ಕಿದ ಕಲೆ ಹುಡುಕಿದರು. ಗಾಡಿಯ ಕೆಳಗೆ ನುಗ್ಗಿ ಸ್ಪ್ರಿಂಗಿನ ಪಟ್ಟೆಗಳಲ್ಲಿ ಬಿರುಕಿದೆಯೇ ಎಂದು ಕೈಯಾಡಿಸಿದರು. ಚಕ್ರಗಳನ್ನು ಹಿಡಿದು ಅಲ್ಲಾಡಿಸಿದರು. ಗೇರುಪೆಟ್ಟಿಗೆಯ ಎಣ್ಣೆಯನ್ನು ಈ ಸಲ ರಸೂಲ್‌ಸಾಬರೇ ಬೆರಳಿಗೆ ತೆಗೆದು ಉಜ್ಜಿ ನೋಡಿದರು, ಹೊಟ್ಟು ಸಿಗಲಿಲ್ಲ.

"ಇನ್ನೊಂದು ಮಾತು," ಎಂದರು ನಾಗೇಂದ್ರಪ್ಪನವರು. "ಈ ಜಾತಿ ಇಂಜಿನ್ನೇ ನಮ್ಮ ಕಡೆ ಬಸ್ಸುಗಳಿಗೂ ಇರೋದು. ಚಿತ್ರದುರ್ಗ, ಸಿರಾ, ತುಮಕೂರು, ಎಲ್ಲಿ ಕೆಟ್ರೂ ಸಾಮಾನು ಸಿಗ್ತೈತೆ, ಕೈ ಹಾಕೋ ಮಿಸ್ತ್ರಿನೂ ಸಿಗ್ತಾನೆ. ಅಪರೂಪದ ಗಾಡಿ ಎಷ್ಟೇ ಅಗ್ಗ ಸಿಕ್ರೂ ದೂರದ ದಾರಿಗೆ ಬ್ಯಾಡ."

ಮಗಳನ್ನು ನೆರೆಮನೆಯವರ ವಶಕ್ಕೆ ಬಿಟ್ಟು ಜೊತೆಗೆ ಬಂದಿದ್ದ ಅಖ್ತರ್‌ಬೀ ಮತ್ತೆ ಹಲಗೆಯ ಮೇಲೆ ಮಲಗಿದಳು. ಈ ಸಲ ರಸೂಲ್‌ಸಾಬರೇ ಹಲಗೆಯನ್ನು ಹಗ್ಗದಿಂದ ಬಿಗಿದು ಕಟ್ಟಿದರು. ಜಗಳೂರಿನಿಂದ ಚಿತ್ರದುರ್ಗದವರೆಗೆ ಹೋಗಿ ಬಂದರು. ಏರಿನಲ್ಲಿ ಬೇಕೆಂದೇ ನಿಲ್ಲಿಸಿದರು. ಅಖ್ತರ್‌ಬೀ ಕಣ್ಣು ಮುಚ್ಚಿಕೊಂಡು ಹಲಗೆಯ ಅಂಚು ಹಿಡಿದಳು. ಗಾಡಿ ಕದಲಲಿಲ್ಲ. ಆದರೂ ಜಗಳೂರಿಗೆ ವಾಪಸು ಬರುವವರೆಗೆ ಅವಳು ಹಿಡಿದ ಕೈ ಬಿಡಲಿಲ್ಲ.

"ಹೆಂಗಿತ್ತು ತಂಗಿ?" ಎಂದು ನಾಗೇಂದ್ರಪ್ಪನವರು ಕೇಳಿದರು.

"ಸೊಂಟದ ಹತ್ರ ಜಾಸ್ತಿ ಕುಲುಕ್ತೈತೆ ಅಣ್ಣಾವ್ರೇ. ಅಲ್ಲಿ ಹತ್ತಿ ಹಾಸಿಗೆ ಮಡಚಿ ಹಾಕಿದ್ರೆ ತಡೀಬಹುದು."

ಕೆಂಪು ಮೋಟಾರಿಗಿಂತ ಇದು ಬಹಳ ಅಗ್ಗವಾಗಿ ಬಂತು. ಉಳಿದದ್ದನ್ನು ಖರ್ಚು ಮಾಡಿಬಿಡಬೇಡಿ ಎಂದು ನಾಗೇಂದ್ರಪ್ಪನವರು ಮೊದಲೇ ಎಚ್ಚರಿಸಿದ್ದರು. ಆ ಹಣದಲ್ಲಿ ಕೆಟ್ಟ ಟಯರು ಬದಲಾಯಿತು, ಬ್ರೇಕಿಗೆ ಹೊಸ ಪಟ್ಟಿ ಬಂತು. ಹೆಚ್ಚಿನ ಚಕ್ರ, ಟ್ಯೂಬು, ಫ್ಯಾನಿನ ಬೆಲ್ಟು, ರೇಡಿಯೇಟರಿನ ರಬ್ಬರು ಕೊಳವೆ, ನೀರಿನ ಡಬ್ಬ, ಎಲ್ಲವೂ ಗಾಡಿ ಸೇರಿದವು.

ಬೆಳಕು ಹರಿಯುತ್ತಲೇ ಚನ್ನಗಿರಿ ಬಿಟ್ಟರು. ಹೊಳಲ್ಕೆರೆ ದಾಟಿತು, ಚಿತ್ರದುರ್ಗ ದಾಟಿತು, ಹಿರಿಯೂರು ದಾಟಿತು. ಒಂದೊಂದು ಊರು ಹಿಂದಾದಾಗಲೂ ಅಖ್ತರ್‌ಬೀ ಒಂದು ಉಸಿರು ಬಿಡುತ್ತಿದ್ದಳು. ಇಂಜಿನ್ನಿನ ಸದ್ದು ಚೂರು ಬದಲಾದರೂ ಅವಳ ಕೈ ಮಗಳ ಕಾಲಿನ ಮೇಲೆ ಹೋಗುತ್ತಿತ್ತು.

ಸಿರಾ ಇನ್ನೂ ಮುಂದಿರುವಾಗ, ಉರಿಬಿಸಿಲಿನಲ್ಲಿ, ಫಟ್ ಎಂದು ಸದ್ದಾಯಿತು. ಮುಂದುಗಡೆ ಹಬೆ ಎದ್ದಿತು. ಸುತ್ತ ಒಂದು ಮನೆ ಇಲ್ಲ, ಒಂದು ಮರದ ನೆರಳಿಲ್ಲ.

"ಅಮ್ಮೀ, ಜಾರ್ತೈತಾ?" ನೂರ್‌ಜಹಾನ್ ಕಿರುಚಿದಳು. ಉಬ್ರಾಣಿ ಏರಿನ ಕಥೆ ಅವಳ ಕಿವಿಗೂ ಬಿದ್ದಿತ್ತು.

"ಇಲ್ಲ ಬೇಟಾ, ಬ್ರೇಕು ಹಿಡಿದೈತೆ. ನೋಡು, ಅಬ್ಬಾ ಕಲ್ಲೂ ಇಡ್ತಿದಾರೆ," ಎಂದಳು ಅಖ್ತರ್‌ಬೀ. ತನ್ನ ದನಿ ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.

ರಬ್ಬರು ಕೊಳವೆ ಸೀಳಿತ್ತು. ಇಂಜಿನ್ನು ಆರುವವರೆಗೆ ಕಾದರು. ಮಗಳ ಮುಖಕ್ಕೆ ಬಿಸಿಲು ಬೀಳದಂತೆ ಅಖ್ತರ್‌ಬೀ ದುಪ್ಪಟಿ ಹಿಡಿದುಕೊಂಡು ನಿಂತಳು. ಗೌಸ್‌ಪೀರ್ ಹೊಸ ಕೊಳವೆ ಹಾಕಿ ಬಿಗಿದ. ಡಬ್ಬದ ನೀರು ತುಂಬಿಸಿದ. ಹ್ಯಾಂಡಲ್ ಹೊಡೆದ. ಹತ್ತಲಿಲ್ಲ. ಮತ್ತೆ ಹೊಡೆದ. ರಸೂಲ್‌ಸಾಬರು ಕಣ್ಣು ಮುಚ್ಚಿ ದುವಾ ಹೇಳುತ್ತಿದ್ದರು. ಇನ್ನೊಮ್ಮೆ ಹೊಡೆದಾಗ ಇಂಜಿನ್ನು ಹತ್ತಿಕೊಂಡಿತು.

ಸಂಜೆ ಬೆಂಗಳೂರಿನ ಆಸ್ಪತ್ರೆಯ ಬಾಗಿಲಲ್ಲಿ ನಾಲ್ವರು ಆಳುಗಳು ಬಂದು ನೂರ್‌ಜಹಾನಳನ್ನು ಹಲಗೆ ಸಮೇತ ಎತ್ತಿಕೊಂಡರು. ಡಾಕ್ಟರು ಪರೀಕ್ಷೆ ಮಾಡಿ, "ಸರಿಯಾದ ಹೊತ್ತಿಗೆ ಬಂದಿದೀರಿ. ದಾರೀಲಿ ಮೂಳೆ ಕದಲಿಲ್ಲ," ಎಂದರು. ಅಖ್ತರ್‌ಬೀ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು, ಬೆಳಗಿನಿಂದ ತಡೆದಿದ್ದ ಅಳುವನ್ನೆಲ್ಲ ಅತ್ತಳು.

ರಸೂಲ್‌ಸಾಬರು ಪಕ್ಕದಲ್ಲಿ ಕುಳಿತರು. "ಅವತ್ತು ನೀನು ಮಲಗ್ತೀನಿ ಅನ್ನದೇ ಇದ್ದಿದ್ರೆ ನಾನು ಆ ಕೆಂಪು ಗಾಡೀಲೇ ಮಗೀನ ಹತ್ತಿಸಿಬಿಡ್ತಿದ್ದೆ," ಎಂದರು. "ಇನ್ನು ಮುಂದೆ ಮನೆಗೆ ಏನು ತಂದ್ರೂ ನಿನ್ನ ಕೇಳೇ ತರ್ತೀನಿ."

ನೂರ್‌ಜಹಾನಳ ನಡಿಗೆಯಲ್ಲಿ ಒಂದಿಷ್ಟು ಕುಂಟು ಉಳಿಯಿತು. ಆದರೂ ಅವಳು ನಡೆದಳು. ಓಡಿದಳು ಕೂಡ.

ಅಣ್ಣಂದಿರೇ, ಅಕ್ಕಂದಿರೇ, ಈಗ ಯುದ್ಧ ಮುಗಿದಿದೆ. ದಂಡಿನ ಹಳೇ ಮೋಟಾರುಗಳು ಅಗ್ಗವಾಗಿ ಮಾರಾಟಕ್ಕೆ ಬರುತ್ತಿವೆ. ನಿಮ್ಮ ಊರಿಗೂ ಒಬ್ಬ ದಲ್ಲಾಳಿ ಬರುತ್ತಾನೆ, ನಾಳೆ ಬೇರೆಯವರು ಬರುತ್ತಾರೆ ಎಂದು ಅವಸರ ಮಾಡುತ್ತಾನೆ. ಬರಲಿ ಬಿಡಿ. ಬೇರೆಯವರೇ ಕೊಳ್ಳಲಿ. ನೀವು ಇಂಜಿನ್ನು ತಣ್ಣಗಿದ್ದಾಗ ಹತ್ತಿಸಿ ನೋಡಿ. ಏರಿನಲ್ಲಿ ನಿಲ್ಲಿಸಿ ನೋಡಿ. ಸಾಮಾನು ಎಲ್ಲಿ ಸಿಗುತ್ತದೆಂದು ಕೇಳಿ. ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕೊಟ್ಟ ಬೆಲೆಯ ಮೇಲೆ ರಿಪೇರಿಗೂ ಒಂದಿಷ್ಟು ಎತ್ತಿಡಿ. ಮನೆಯ ಹೆಂಗಸರ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕಬೇಡಿ, ಆ ಗಾಡಿಯಲ್ಲಿ ಕೂರುವವರು ಅವರು ಮತ್ತು ನಿಮ್ಮ ಮಕ್ಕಳು. ದೂರದ ದಾರಿಗೆ ಹೊರಡುವ ಮುಂಚೆ ಇದಿಷ್ಟನ್ನು ದಯವಿಟ್ಟು ಮಾಡಿ.